ಸೆರಗಿನ ಗಂಟಿನ ಫ್ಯೂಸ್

ಖಾರದ ಪುಡಿಯ ಘಾಟು ಮೂಗಿಗೆ ಬಡಿದರೆ ಈಗಲೂ ಹತ್ತಿಮತ್ತೂರಿನ ನಮ್ಮ ಗಿರಣಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಯಂತ್ರ ಬಿಚ್ಚುವ ಮೊದಲು, ಯಾರೂ ತಪ್ಪಿ ಕರೆಂಟ್ ಹಾಕದಿರಲೆಂದು, ಅಪ್ಪ ಫ್ಯೂಸ್ ಕಿತ್ತು ಅವ್ವನ ಕೈಗೆ ಕೊಡುತ್ತಿದ್ದ. ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಕೆಲಸ ಮುಗಿಸಿ ಅವನು ಎರಡೂ ಕೈ ತೋರಿಸಿದ ಮೇಲೆಯೇ ಗಂಟು ಬಿಚ್ಚುತ್ತಿದ್ದಳು.

ಅಪ್ಪ ಜ್ವರದಿಂದ ತೀರಿಕೊಂಡ ಮರುತಿಂಗಳು, ಗಿರಣಿ ಕೊಂಡವರು ಯಂತ್ರ ಬಿಚ್ಚಿ ಒಯ್ಯಲು ಶಿಗ್ಗಾವಿಯಿಂದ ಮಿಸ್ತ್ರಿಯನ್ನು ಕಳಿಸಿದರು. ಅವ್ವ ತಾನೇ ಫ್ಯೂಸ್ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಬೆಲ್ಟ್ ಓಡುವ ಗಾಲಿ, ಅಂದರೆ ಪುಲಿಯನ್ನು ಶಾಫ್ಟಿಗೆ ಕಚ್ಚಿ ಹಿಡಿದಿದ್ದ ಕಬ್ಬಿಣದ ಬಳೆಯಂಥ ಓರೆ ಬುಶ್ ಅಲುಗಲಿಲ್ಲ. ಮಿಸ್ತ್ರಿ ಸುತ್ತಿಗೆ ಎತ್ತಿದ.

"ಹೊಡೀಬ್ಯಾಡ್ರಿ, ಒಡೀತೈತಿ," ಎಂದಳು ಅವ್ವ. "ಎರಡೂ ಬೋಲ್ಟ ತಗೀರಿ. ಒಂದನ್ನ ಆ ಖಾಲಿ ತೂತಿಗೆ ಹಾಕಿ ಬಿಗಿ ಮಾಡ್ರಿ, ತಾನ ಬಿಡತೈತಿ. ನಮ್ಮ ಮನಿಯವ್ರು ಹಂಗ ಮಾಡತಿದ್ರು."

ಅವನು ಹಾಗೆಯೇ ಬಿಗಿದ. ಟಕ್ ಎಂದು ಬುಶ್ ಸಡಿಲಾಯಿತು. ಪುಲಿಯನ್ನು ಇಳಿಸಿ ಗೋಣಿಚೀಲದ ಮೇಲಿಟ್ಟ.

"ಆತ್ರೀ ಅಕ್ಕಾರ. ಇನ್ನ ಆ ಫ್ಯೂಸ್ ಕೊಡ್ರಿ, ಅದನ್ನೂ ಒಯ್ಯಬೇಕು."

"ಎರಡೂ ಕೈ ತೋರಸ್ರಿ."

ಅವನಿಗೆ ಅರ್ಥವಾಗಲಿಲ್ಲ, ಆದರೂ ಎಣ್ಣೆ ಮೆತ್ತಿದ ಕೈಗಳನ್ನು ಚಾಚಿದ. ಅವ್ವ ಆ ಕೈಗಳನ್ನೇ ನೋಡುತ್ತ ನಿಂತಳು. ಗಂಟು ಮಾತ್ರ ಬಿಚ್ಚಲಿಲ್ಲ.