ಈರಭದ್ರಪ್ಪನ ಪಾಲಿನ ಕಲ್ಲು

ಕಾಲು ಸೋತಿದೆ ಅಂತ ಕುಳಿತವರು ಇದನ್ನೊಂದು ಓದಿ, ಆಮೇಲೆ ಏಳಿ...

ಬನಹಟ್ಟಿಯ ನೇಕಾರ ಈರಭದ್ರಪ್ಪ, ಅವನ ಹೆಂಡತಿ ಸಿದ್ಲಿಂಗವ್ವ. ಇಬ್ಬರಿಗೂ ಒಂದೇ ಹುಚ್ಚು... ಶ್ರೀಶೈಲಕ್ಕೆ ನಡೆದೇ ಹೋಗಬೇಕು!

ಊರವರೆಲ್ಲ ಯುಗಾದಿಗೆ ಒಂದೇ ಸಲಕ್ಕೆ ನಡೆದು ಮುಟ್ಟುತ್ತಿದ್ದರು. ಇವರಿಗೆ ಅಷ್ಟು ದಿನ ಮಗ್ಗ ಬಿಟ್ಟಿರಲು ಎಲ್ಲಿ ಸಾಧ್ಯ? ಅದಕ್ಕೇ ವರ್ಷಕ್ಕೊಂದಿಷ್ಟು ದೂರ ನಡೆಯೋದು... ಮುಂದಿನ ವರ್ಷ ಬಸ್ಸಿನಲ್ಲಿ ಅಲ್ಲಿಗೇ ಬಂದು, ಅಲ್ಲಿಂದಲೇ ಮುಂದಕ್ಕೆ.

ನಿಂತ ಜಾಗದಲ್ಲಿ ಗುರುತಿಗೆ ಎರಡು ಕಲ್ಲು. ಒಂದು ಅವನದು, ಒಂದು ಅವಳದು. ಮರುವರ್ಷ ಅವರವರ ಕಲ್ಲನ್ನು ಅವರವರೇ ಎತ್ತಿಕೊಂಡು ನಡೆಯಬೇಕು. ಇನ್ನೊಬ್ಬರದನ್ನು ಮುಟ್ಟುವಂತಿಲ್ಲ. ಅದು ಈರಭದ್ರಪ್ಪ ಮಾಡಿದ ಕಾನೂನು!

"ನಿನ್ನ ನಡಿಗಿ ನಾ ನಡಿಯಾಕ ಬರ್ತೈತೇನು?" ಅನ್ನುತ್ತಿದ್ದ.

ಹೀಗೇ ಅಡವಿ ಶುರುವಾಗುವ ವೆಂಕಟಾಪುರದವರೆಗೆ ಬಂದರು. ಇನ್ನುಳಿದದ್ದು ಕೊನೆಯ ಹಂತ ಮಾತ್ರ.

ಅಷ್ಟರಲ್ಲಿ ಈರಭದ್ರಪ್ಪನಿಗೆ ಲಕ್ವಾ ಹೊಡೆಯಿತು. ಎಡಗಾಲು ಬಿದ್ದುಹೋಯಿತು.

"ದಿನಾ ಪ್ರಾಕ್ಟೀಸ್ ಮಾಡಿಸಿ, ನಡೀತಾರೆ" ಅಂದರು ಡಾಕ್ಟರು. ಆದರೆ ಗೋಡೆಗೆ ಮುಖ ಮಾಡಿ ಮಲಗಿದ ಆ ಮನುಷ್ಯ ಕಾಲು ಕೆಳಗಿಡಲೇ ಇಲ್ಲ.

ಯುಗಾದಿ ಹತ್ತಿರ ಬಂದಾಗ ಅಂದ... "ನನ್ನ ಕಥಿ ಮುಗೀತು. ನೀನರ ಹೋಗಿ ಮುಗಿಸಿ ಬಾ."

ಗಂಡನನ್ನು ನಾದಿನಿಗೆ ಒಪ್ಪಿಸಿ ಸಿದ್ಲಿಂಗವ್ವ ಒಬ್ಬಳೇ ಹೊರಟಳು. ವೆಂಕಟಾಪುರದ ಬೇವಿನ ಬುಡದಲ್ಲಿ ಎರಡೂ ಕಲ್ಲು ಹಾಗೇ ಇದ್ದವು.

ತನ್ನದನ್ನು ಎತ್ತಿಕೊಂಡಳು. ಅವನದನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ... ಕಾನೂನು ಮುರಿದು ಅದನ್ನೂ ಉಡಿಯಲ್ಲಿ ಕಟ್ಟಿಕೊಂಡಳು. ಶ್ರೀಶೈಲದ ಮಲ್ಲಯ್ಯನ ಮುಂದೆ ಇಟ್ಟರೆ ಅವನದೂ ಮುಗಿದಂತೆ ಅಂದುಕೊಂಡಳು.

ಏನು ಬಿಸಿಲು, ಏನು ಅಡವಿ! ಅಂಗಾಲಿನ ಬೊಬ್ಬೆ ಒಡೆದವು. ಕೂತರೆ ಏಳಲಾಗದಷ್ಟು ಸುಸ್ತು... ಭೀಮನಕೊಳ್ಳದ ಮೆಟ್ಟಿಲು ಹತ್ತುವಾಗಂತೂ ಜೀವ ಬಾಯಿಗೆ ಬಂತು.

ಮೇಲೆ, ಮೆಟ್ಟಿಲು ಮುಗಿಯುವ ಕೈಲಾಸ ಬಾಗಿಲಲ್ಲಿ ಕುಸಿದು ಕುಳಿತಳು. ನೀರು ಕೊಡಲು ಬಂದ ಜಮಖಂಡಿ ಕಡೆಯ ಹೆಂಗಸೊಬ್ಬಳು ಕೇಳಿದಳು.

"ಯಕ್ಕಾ, ಏನದು ಉಡಿಯಾಗ?"

"ನಂದೊಂದು ಕಲ್ಲ, ನಮ್ಮ ಮನಿಯವರದೊಂದು. ಅವರ ಹೆಸರಿಲೆ ಮುಗಸಾಕ ಬಂದೀನಿ."

ಆ ಹೆಂಗಸಿನ ಕಣ್ಣು ತುಂಬಿತು. "ಅಯ್ಯ ಶಿವನ... ತೀರಿಕೊಂಡು ಭಾಳ ದಿನ ಆತೇನಕ್ಕಾ?"

"ಬಿಡ್ತು ಅನ್ನು!" ಸಿದ್ಲಿಂಗವ್ವ ಸಿಡಿದೆದ್ದಳು. "ಗುಂಡಕಲ್ಲಿನಂಗ ಅದಾರ ಮನ್ಯಾಗ!"

ಹೇಳಿದ ಮೇಲೆ ಅವಳಿಗೇ ಅಳು ಬಂತು. ಹೌದಲ್ಲ... ಸತ್ತವರ ಹರಕೆಯನ್ನಲ್ಲವೇ ಇನ್ನೊಬ್ಬರು ತೀರಿಸೋದು? ಬದುಕಿರುವ ಗಂಡನನ್ನು ಗಂಟು ಕಟ್ಟಿಕೊಂಡು ತಂದೆನಲ್ಲ ನಾನು!

ಗುಡಿ ಇನ್ನು ದೂರವಿರಲಿಲ್ಲ. ಮುಂದೆ ಹೋದವರು "ಮಲ್ಲಯ್ಯಾ..." ಎಂದು ಕೂಗುವುದು ಕೇಳುತ್ತಿತ್ತು.

ಅಲ್ಲಿಂದಲೇ ಕೈ ಮುಗಿದಳು. ತಿರುಗಿ ಇಳಿಯತೊಡಗಿದಳು...

ಜನವೆಲ್ಲ ಎದುರಿಗೆ ಬರುತ್ತಿತ್ತು, ಇವಳೊಬ್ಬಳು ಹಿಂದಕ್ಕೆ. ಒಡೆದ ಕಾಲಲ್ಲಿ ಅದೇ ಅಡವಿ ದಾಟಿ, ಎರಡೂ ಕಲ್ಲನ್ನು ಅದೇ ಬೇವಿನ ಬುಡಕ್ಕಿಟ್ಟು ಬಸ್ ಹತ್ತಿದಳು.

"ಮಲ್ಲಯ್ಯ ಕಂಡನೇನು?" ಗೋಡೆ ನೋಡುತ್ತಲೇ ಕೇಳಿದ ಈರಭದ್ರಪ್ಪ.

"ಇಲ್ರಿ. ಕೈಲಾಸ ಬಾಗಲತನಕ ಹೋಗಿ ತಿರುಗಿ ಬಂದೀನಿ."

"ಹುಚ್ಚಿ! ಅಷ್ಟು ದೂರ ಹೋಗಿ ಹಂಗ ಬಂದ್ಯಾ?" ಬೈಯಲಿಕ್ಕೆ ಅಂತಲೇ ಗೋಡೆ ಬಿಟ್ಟು ಇತ್ತ ತಿರುಗಿದ. ಎಷ್ಟೋ ತಿಂಗಳಿಗೆ ಮೊದಲ ಸಲ!

"ನಿಮ್ಮ ಕಲ್ಲ ಅಲ್ಲೇ ಐತಿ. ನಿಮ್ಮ ನಡಿಗಿ ನಾ ನಡಿಯಾಕ ಬರ್ತೈತೇನ್ರಿ?"

ಅವನು ಬಟ್ಟೆ ಸುತ್ತಿದ ಅವಳ ಕಾಲುಗಳನ್ನೇ ಬಹಳ ಹೊತ್ತು ನೋಡಿದ.

ಮರುದಿನ ಬೆಳಿಗ್ಗೆ ಸಿದ್ಲಿಂಗವ್ವ ಒಲೆ ಹಚ್ಚಿ ತಿರುಗಿ ನೋಡಿದರೆ... ಈರಭದ್ರಪ್ಪ ಮಗ್ಗದ ಕಂಬ ಹಿಡಿದು ನಿಂತಿದ್ದ! ಕಾಲು ಗಡಗಡ ನಡುಗುತ್ತಿತ್ತು. ಕಣ್ಣಲ್ಲಿ ನೀರು.

"ಏ... ಆ ಭೀಮನಕೊಳ್ಳದಾಗ ಎಷ್ಟ ಮೆಟ್ಟಲ ಅದಾವ?"

ಸಿದ್ಲಿಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾ ಎಣಿಸಿಲ್ರಿ... ನೀವ ಬಂದು ಎಣಿಸ್ರಿ."

🙏

ನಮ್ಮವರ ಭಾರ ಹೊರುವುದಷ್ಟೇ ಪ್ರೀತಿಯಲ್ಲ... ಅವರ ಪಾಲಿನ ದಾರಿಯನ್ನು ಅವರಿಗಾಗಿ ಉಳಿಸಿಡುವುದೂ ಪ್ರೀತಿಯೇ.

ನಿಮ್ಮ ಮನೆಯಲ್ಲಿ ಯಾರ ಪಾಲಿನ ಕಲ್ಲನ್ನು ನೀವು ಉಡಿಯಲ್ಲಿ ಕಟ್ಟಿಕೊಂಡು ನಡೆಯುತ್ತಿದ್ದೀರಿ?