ಒಂದು ಚೀಲ ಐಸು

ಒಂದೇ ವರ್ಷದಲ್ಲಿ ಸರಸರನೆ ಮೇಲೇರಿದ್ದ ಟೆನಿಸ್ ಆಟಗಾರ್ತಿ ಸಿಂಚನ ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಸೋತಳು. ಮುಖ್ಯ ಸುತ್ತಿನವರು ಯಾರಾದರೂ ಹಿಂದೆ ಸರಿದರೆ ಮಾತ್ರ ಇನ್ನು, ಕಾಯುವವರ ಪಟ್ಟಿಯಲ್ಲಿ ಮೊದಲನೆಯವಳಾದ ಅವಳಿಗೆ ಜಾಗ. ಹೆಸರು ಕೂಗಿದ ಐದು ನಿಮಿಷದೊಳಗೆ ಅಂಗಳದಲ್ಲಿರಬೇಕು, ಇಲ್ಲದಿದ್ದರೆ ಆ ಜಾಗ ಮುಂದಿನವಳ ಪಾಲು. ಈ ಟೂರ್ನಿ ಆಡದಿದ್ದರೆ ಕೈಬಿಡುತ್ತೇವೆಂದು ಪ್ರಾಯೋಜಕರು ಹೇಳಿಯಾಗಿತ್ತು.

ಮುಖ್ಯ ಸುತ್ತಿನಲ್ಲಿದ್ದ ಗೆಳತಿ ದೇಚಮ್ಮನ ಪಾದದ ಕೀಲು ಬೆಳಗ್ಗೆ ಊದಿಕೊಂಡಿತು.

"ಊದ್ಲಿ ಬಿಡು," ಅಂದ ಅಣ್ಣ ಲೋಕೇಶ. ತಂಗಿಗೆ ಚೆಂಡು ಹೊಡೆದುಕೊಡಲೆಂದೇ ಶಾಲೆ ಬಿಟ್ಟವನು. "ಅವಳಪ್ಪಂಗೆ ಕಾಫಿ ತೋಟ ಇದೆ. ನಮಗೇನಿದೆ, ಮಣ್ಣು?"

"ಥೂ, ಬಾಯ್ಮುಚ್ಚಣ್ಣ. ಐಸಿಟ್ರೆ ಆಡ್ತಾಳೆ ಅವಳು. ಇಲ್ಲಿ ಐಸೇ ಖಾಲಿಯಂತೆ."

ಸಿಂಚನ ಕಿಟ್ ಬ್ಯಾಗನ್ನು ಅವನ ಹೆಗಲಿಗೆ ತಗುಲಿಸಿ ಗೇಟಿನಾಚೆ ಓಡಿಯೇಬಿಟ್ಟಳು.

ಸ್ವಲ್ಪ ಹೊತ್ತಿಗೆ ದೇಚಮ್ಮ ಕುಂಟುತ್ತ ಬಂದಳು. "ಲೋಕಿ, ಎಲ್ಲಿ ಅವಳು? ನಾನು ಆಡಲ್ಲ ಅಂತ ರೆಫರಿಗೆ ಹೇಳ್ಬಂದೆ. ನಂಗೆ ಮುಂದಿನ ವಾರನೂ ಇದೆ. ಅವಳಿಗೆ ಇವತ್ತು ಬಿಟ್ರೆ ಏನಿದೆ?"

ಮೈಕಿನಲ್ಲಿ ಸಿಂಚನಳ ಹೆಸರು ಕೇಳಿಸಿತು. ಲೋಕೇಶ ಫೋನು ಮಾಡಿದ. ಅವಳ ಫೋನು ಅವನ ಹೆಗಲಿನ ಬ್ಯಾಗಿನೊಳಗೇ ಬಡಿದುಕೊಂಡಿತು. ಗೇಟಿಗೆ ಓಡಿ, ಬೀದಿಯುದ್ದಕ್ಕೂ ಗಂಟಲು ಹರಿಯುವಂತೆ ಕೂಗಿದ. ಐಸಿಗೆ ಬೈದ, ದೇವರಿಗೆ ಬೈದ. ಹಿಂದೆ ಮೈಕಿನಲ್ಲಿ ಇನ್ನೊಬ್ಬಳ ಹೆಸರು ಕೂಗಿದರು.

ಆಗ ಸಿಂಚನ ಬೀದಿ ತಿರುವಿನಲ್ಲಿ ಕಂಡಳು. ನೀರು ತೊಟ್ಟಿಕ್ಕುವ ಚೀಲವನ್ನು ಎದೆಗವಚಿಕೊಂಡು, ನಗುತ್ತ ಓಡಿ ಬರುತ್ತಿದ್ದಳು.

"ಸಿಕ್ತಣ್ಣ! ಮೀನಂಗಡಿಯವ್ನು ಕೊಟ್ಟ. ಇನ್ನು ಅವಳು ಆಡೇ ಆಡ್ತಾಳೆ!"