ಐದೇ ಸ್ವರ

ಹೀಟರಿನ ಧೂಳು ಕಾದ ವಾಸನೆ ಬಂದರೆ ಈಗಲೂ ಫಾಸ್ಟರ್ ಸಿಟಿಯ ಮನೆಯಲ್ಲಿದ್ದ ಅಣ್ಣನ ಹಳೆಯ ಸಿಂಥಸೈಜರ್ ನೆನಪಾಗುತ್ತದೆ. ಅವನನ್ನು ಕೇಳದೆಯೇ ಅಮ್ಮ ಅದನ್ನು ತಂಬೂರಿ ಮಾಡಿಕೊಂಡಿದ್ದಳು; ಸ, ಪ, ಮೇಲಿನ ಸ, ಮೂರೂ ಕೀಗಳನ್ನು ಒತ್ತಿ ಟೇಪು ಅಂಟಿಸುತ್ತಿದ್ದಳು. ಅದು ಒಮ್ಮೆಗೆ ಐದೇ ಸ್ವರ ನುಡಿಸುತ್ತದೆ, ಆರನೆಯದನ್ನು ಒತ್ತಿದರೆ ಮೊದಲಿನದು ನಿಂತುಹೋಗುತ್ತದೆ ಎಂದು ೧೯೮೪ರ ಡೈರಿಯಲ್ಲಿ ಬರೆದವಳು ನಾನು. ಅಣ್ಣನಿಗೆ ಓದಿಯೂ ಹೇಳಿದ್ದೆ.

ಆ ವರ್ಷದ ಒಂದು ಮಧ್ಯಾಹ್ನ ಅಮ್ಮನ ಹಾಡು ಕೇಳಲು ಒಂಬತ್ತು ಜನ ಬಂದಿದ್ದರು. ಅಮೆರಿಕಕ್ಕೆ ಬಂದ ಮೇಲೆ ಅವಳ ಮೊದಲ ಕಚೇರಿ. ಅಣ್ಣ ಶೂ ಕಳಚದೆ ಒಳಗೆ ಬಂದ.

"ಇಟ್ಸ್ ಮೈನ್, ಅಮ್ಮಾ," ಎಂದವನೇ ಐದೂ ಬೆರಳುಗಳನ್ನು ಬೇರೆ ಐದು ಕೀಗಳ ಮೇಲೆ ಊರಿದ. ಟೇಪು ಅಂಟಿಸಿದ್ದ ಮೂರೂ ಸ್ವರ ಅಡಗಿ ಶ್ರುತಿ ನಿಂತುಹೋಯಿತು.

"ಕೈ ತೆಗಿಯೋ, ಕತ್ತೆ!"

ಅವನು ತೆಗೆಯಲಿಲ್ಲ. ನನ್ನತ್ತ ನೋಡಿ ನಕ್ಕ. ಅಮ್ಮ ನೋಡುತ್ತಿದ್ದಾಳೆಂದು ಗೊತ್ತಿದ್ದೂ ನಾನೂ ನಕ್ಕೆ.